ರಬ್ಬರೋ, ಪಿಯುವೋ: ಒಂದು ಗೇರ್‌ಬಾಕ್ಸ್ ಮೌಂಟಿಗಾಗಿ ನಾಲ್ಕು ತಿಂಗಳು

ಅಕ್ಟೋಬರಿನ ಮಧ್ಯಭಾಗದಲ್ಲಿ, ಮಂಡಗದ್ದೆ ದಾಟಿ ತೀರ್ಥಹಳ್ಳಿಯ ಕಡೆಗೆ ಹೋಗುತ್ತಿದ್ದಾಗ, ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟ ಕೂಡಲೇ ಕಾರಿನ ಎಡಮುಂಭಾಗದಿಂದ ‘ಟಕ್’ ಎಂಬ ಸದ್ದು ಬಂತು. ಮತ್ತೆ ಒತ್ತಿದೆ, ಮತ್ತೆ ‘ಟಕ್’. ಮಳೆಗಾಲ ಮುಗಿದ ಹೊಸತರಲ್ಲಿ ನಮ್ಮ ಕಡೆಯ ರಸ್ತೆಗಳಲ್ಲಿ ಕಾರಿನಿಂದ ಒಂದಲ್ಲ ಒಂದು ಸದ್ದು ಬರುವುದು ವಿಶೇಷವೇನಲ್ಲವಾದ್ದರಿಂದ, ಒಂದು ವಾರ ಅದನ್ನು ಸಸ್ಪೆನ್ಶನ್ನಿನ ಲೆಕ್ಕಕ್ಕೆ ಬರೆದು ಸುಮ್ಮನಿದ್ದೆ. ಗುಂಡಿಯೇ ಇಲ್ಲದ ನುಣುಪು ರಸ್ತೆಯಲ್ಲೂ ಅದೇ ಸದ್ದು ಬಂದು, ಒಂದರಿಂದ ಎರಡಕ್ಕೆ ಗೇರ್ ತಡೆದು ತಡೆದು ಬೀಳತೊಡಗಿದಾಗ ಮಾತ್ರ ಹೊಟ್ಟೆಯಲ್ಲಿ ತಳಮಳ ಶುರುವಾಯಿತು.

ನನ್ನದು 2020ರ ಫೋಕ್ಸ್‌ವ್ಯಾಗನ್ ಪೊಲೊ, ಒಂದು ಲೀಟರಿನ ಟಿಎಸ್‌ಐ ಪೆಟ್ರೋಲ್, ಆರು ಗೇರಿನ ಮ್ಯಾನುಯಲ್. ಮೂರು ಸಿಲಿಂಡರಿನ ಟರ್ಬೊ ಎಂಜಿನ್, 110 ಪಿಎಸ್ ಶಕ್ತಿ, 175 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ದೊಡ್ಡ ಊರಿನವರಿಗೆ ಇದು ಪರ್ಫಾರ್ಮೆನ್ಸ್ ಕಾರು ಎನ್ನಿಸದೆ ಇರಬಹುದು, ಆದರೆ ಬೇಸಿಗೆಯಲ್ಲಿ ಮಣ್ಣಿನ ಮೈದಾನದಲ್ಲಿ ನಡೆಯುವ ಹವ್ಯಾಸಿ ಆಟೋಕ್ರಾಸ್ ಕಾರು ಪಂದ್ಯಕ್ಕೆ ಇಳಿಯುವ ನನ್ನಂಥವನಿಗೆ, ಉಳಿದ ದಿನಗಳಲ್ಲಿ ಶಿವಮೊಗ್ಗದಿಂದ ತೀರ್ಥಹಳ್ಳಿ ಆಚೆಯ ತೋಟಕ್ಕೆ ಓಡಾಡಲು, ಇದಕ್ಕಿಂತ ಹುರುಪಿನ ಕಾರು ನನ್ನ ಕೈಗೆ ಎಟುಕುವ ಬೆಲೆಯಲ್ಲಿ ಇರಲಿಲ್ಲ. ಆಗ ಓಡಿದ್ದು 78,000 ಕಿ.ಮೀ. ಅಷ್ಟು ದೂರ ಇಂಥ ರಸ್ತೆಗಳಲ್ಲಿ, ನನ್ನಂಥ ಚಾಲಕನ ಕಾಲಿನಡಿ ಓಡಿದ ರಬ್ಬರ್ ಸವೆದರೆ ಅದು ಕಾರಿನ ತಪ್ಪಲ್ಲ.

ಮೊದಲು ಹೋದದ್ದು ಊರಿನ ಒಂದು ದೊಡ್ಡ ವರ್ಕ್‌ಶಾಪಿಗೆ. ನಾಲ್ಕು ದಿನ ಕಾರನ್ನು ಇಟ್ಟುಕೊಂಡು, ಕ್ಲಚ್ ಇಡಿಯಾಗಿ ಬದಲಿಸಬೇಕು, ಗೇರ್‌ಬಾಕ್ಸನ್ನು ಇಳಿಸಿ ನೋಡಬೇಕು ಎಂದು 68,000 ರೂಪಾಯಿಯ ಎಸ್ಟಿಮೇಟ್ ಕೈಗಿತ್ತರು. ತಪಾಸಣೆಗೆಂದು 1,200 ರೂಪಾಯಿ ಕಟ್ಟಿಸಿಕೊಂಡರು. ಆ ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ನನ್ನ ಹಳೆಯ ಕಾರನ್ನು ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ಬಳಿಗೆ ಹೋದೆ. ಅವರು ಹಾಳೆಯನ್ನು ನೋಡಲೇ ಇಲ್ಲ. ಬಾನೆಟ್ ಎತ್ತಿಸಿ, ಹ್ಯಾಂಡ್‌ಬ್ರೇಕ್ ಎಳೆಸಿ, ಬ್ರೇಕ್ ಪೆಡಲಿನ ಮೇಲೆ ಬಲಗಾಲು ಗಟ್ಟಿಯಾಗಿ ಇಡಿಸಿ, ಒಂದನೇ ಗೇರಿನಲ್ಲಿ ಕ್ಲಚ್ಚನ್ನು ಅರ್ಧ ಬಿಡಲು ಹೇಳಿದರು. ಆಮೇಲೆ ರಿವರ್ಸಿನಲ್ಲಿ ಅದನ್ನೇ ಮಾಡಿಸಿದರು. ತಾವು ಕಾರಿನ ಮುಂದೆ ನಿಲ್ಲದೆ ಪಕ್ಕದಲ್ಲಿ ನಿಂತು ನೋಡಿದರು. (ಈ ಪರೀಕ್ಷೆ ಮಾಡುವವರು ಯಾರೂ ಕಾರಿನ ಎದುರು ಅಥವಾ ಹಿಂದೆ ನಿಲ್ಲಬಾರದು.) ಎಂಜಿನ್ನು ನೀರು ಕುಡಿಯಲು ತಲೆ ಬಗ್ಗಿಸಿದ ಎಮ್ಮೆಯಂತೆ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಮಾಲುತ್ತಿತ್ತು.

“ಗೇರ್‌ಬಾಕ್ಸಿಗೆ ಎಂಥದೂ ಆಗಿಲ್ಲ ಸಾರ್, ಫೌಂಡೇಶನ್ ಹೋಗಿದೆ” ಎಂದರು.

ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಕಾರಿನ ಮೈಗೆ ಹಿಡಿದಿಡುವ, ನಡುವೆ ರಬ್ಬರಿರುವ ತುಂಡೇ ಮೌಂಟ್; ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಅದಕ್ಕೆ ಫೌಂಡೇಶನ್ ಎನ್ನುತ್ತಾರೆ. ಈ ಕಾರಿನಲ್ಲಿ ಅಂಥವು ಮೂರಿವೆ. ಎಂಜಿನ್ನನ್ನು ಬಲಗಡೆ ಹೊತ್ತಿರುವುದು ಒಂದು, ಗೇರ್‌ಬಾಕ್ಸನ್ನು ಎಡಗಡೆ ಹೊತ್ತಿರುವುದು ಇನ್ನೊಂದು. ಕೆಳಗಡೆ ಮೂಳೆಯಾಕಾರದ ಮೂರನೆಯದೊಂದಿದೆ. ಅದು ಭಾರ ಹೊರುವುದಿಲ್ಲ, ಎಂಜಿನ್ ಹಿಂದೆಮುಂದೆ ಉಯ್ಯಾಲೆಯಾಡದಂತೆ ಹಿಡಿದಿಡುವುದಷ್ಟೇ ಅದರ ಕೆಲಸ. ಇದನ್ನು ಡಾಗ್‌ಬೋನ್ ಎಂದು ಕರೆಯುತ್ತಾರೆ. ಈ ವ್ಯತ್ಯಾಸ ನನಗೆ ಆ ದಿನವೇ ತಲೆಗೆ ಹೋಗಿದ್ದರೆ ಮುಂದಿನ ಕಥೆಯ ಮುಕ್ಕಾಲು ಭಾಗ ನಡೆಯುತ್ತಲೇ ಇರಲಿಲ್ಲ.

ಬ್ಯಾಟರಿಯನ್ನೂ ಅದರ ತಟ್ಟೆಯನ್ನೂ ತೆಗೆದ ಮೇಲೆ ಎಡಗಡೆಯ ಮೌಂಟ್ ಕಂಡಿತು. ಮೇಲಿನಿಂದ ನೋಡಿದರೆ ಸರಿಯಾಗಿಯೇ ಇತ್ತು. ಮೆಕ್ಯಾನಿಕ್ ಗೇರ್‌ಬಾಕ್ಸಿನ ಅಡಿಗೆ ಮರದ ತುಂಡಿಟ್ಟು ಜಾಕಿನಿಂದ ಒಂದು ಬೆರಳಿನಷ್ಟು ಎತ್ತಿದಾಗ, ರಬ್ಬರು ಅಲ್ಯೂಮಿನಿಯಂ ಮೈಯಿಂದ ಬಾಯಿ ತೆರೆದಂತೆ ಬಿಟ್ಟುಕೊಂಡಿತು. ಸೀಳಿನ ಒಳಗೆ ಕೆಂಪು ಧೂಳು ತುಂಬಿತ್ತು. ಎಂದರೆ ಅದು ನಿನ್ನೆ ಮೊನ್ನೆ ಹರಿದದ್ದಲ್ಲ, ಕಳೆದ ಬೇಸಿಗೆಯ ಮೈದಾನದ ಮಣ್ಣು ಅದರೊಳಗೆ ಸೇರಿಕೊಂಡಿತ್ತು. ಒಂದನೇ ಗೇರಿನಲ್ಲಿ ಎಂಜಿನ್ನಿನ ಟಾರ್ಕು ಗೇರುಗಳ ಮೂಲಕ ಹತ್ತು ಪಟ್ಟಿಗೂ ಹೆಚ್ಚಾಗಿ ಚಕ್ರಕ್ಕೆ ಹೋಗುತ್ತದೆ, ಚಕ್ರವನ್ನು ಎಷ್ಟು ಬಲದಿಂದ ತಿರುಗಿಸುತ್ತದೋ ಅಷ್ಟೇ ಬಲದಿಂದ ಎಂಜಿನ್ನು ವಿರುದ್ಧ ದಿಕ್ಕಿಗೆ ತಿರುಗಲು ನೋಡುತ್ತದೆ, ಅದನ್ನೆಲ್ಲ ತಡೆಯುವುದು ಈ ಮೂರು ತುಂಡುಗಳೇ ಎಂಬುದನ್ನು ನೆನೆದರೆ, ಅದು ಇಷ್ಟು ದಿನ ಬಾಳಿದ್ದೇ ಹೆಚ್ಚು.

ಮೆಕ್ಯಾನಿಕ್ಕಿನ ಸಲಹೆ ಸರಳವಾಗಿತ್ತು: ಕಂಪನಿಯ ರಬ್ಬರ್ ಮೌಂಟನ್ನೇ ತರಿಸಿ ಹಾಕೋಣ. ಆದರೆ ಅಷ್ಟರಲ್ಲಿ ನನ್ನ ತಲೆಯಲ್ಲಿ ಪಾಲಿಯುರೆಥೇನ್, ಅಂದರೆ ಬಾಯಿಮಾತಿನ ಪಿಯು, ಹೊಕ್ಕಾಗಿತ್ತು. ರಬ್ಬರು ಹರಿಯಿತು, ಆದ್ದರಿಂದ ಹರಿಯದ್ದನ್ನು ಹಾಕಬೇಕು ಎಂಬುದು ನನ್ನ ತರ್ಕ. ಕಾಗದದ ಮೇಲೆ ಪಿಯು ಗೆಲ್ಲುತ್ತಲೂ ಇತ್ತು. ಗಡಸುತನವನ್ನು ಶೋರ್ ಎ ಎಂಬ ಮಾಪನದಲ್ಲಿ ಅಳೆಯುತ್ತಾರೆ. ಕಾರಿನೊಂದಿಗೆ ಬರುವ ರಬ್ಬರು ಸಾಮಾನ್ಯವಾಗಿ 50ರಿಂದ 60ರ ಆಸುಪಾಸು, ಪಿಯು 70ರಿಂದ 95ರವರೆಗೆ. ಎಂಜಿನ್ ಆಯಿಲ್ ಸೋರಿ ಮೇಲೆ ಬಿದ್ದರೆ ಸಹಜ ರಬ್ಬರು ಊದಿಕೊಂಡು ಮೆತ್ತಗಾಗುತ್ತದೆ, ಪಿಯು ಅದನ್ನು ತಡೆದುಕೊಳ್ಳುತ್ತದೆ. ಎಂಜಿನ್ ಅಲುಗುವುದು ಕಡಿಮೆಯಾದರೆ ಗೇರ್ ಚುರುಕಾಗಿ ಬೀಳುತ್ತದೆ, ಮಣ್ಣಿನಲ್ಲಿ ಹೊರಡುವಾಗ ಮುಂದಿನ ಚಕ್ರಗಳು ಕುಪ್ಪಳಿಸುವುದೂ ತಗ್ಗುತ್ತದೆ.

ಮಲೆನಾಡಿನವರು ಗಮನಿಸಲೇಬೇಕಾದ ಒಂದು ವಿಷಯ ಇಲ್ಲಿದೆ. ಪಿಯುವಿನಲ್ಲಿ ಪಾಲಿಯೆಸ್ಟರ್ ಆಧಾರದ್ದು, ಪಾಲಿಈಥರ್ ಆಧಾರದ್ದು ಎಂಬ ಎರಡು ಬಗೆಗಳಿವೆ. ಪಾಲಿಯೆಸ್ಟರ್ ಬಗೆಯದು ಸವೆತಕ್ಕೆ ಗಟ್ಟಿ, ಆದರೆ ನೀರು ಮತ್ತು ಬಿಸಿ ಸೇರಿದರೆ ವರ್ಷಗಳು ಕಳೆದಂತೆ ಒಳಗಿನ ಕೊಂಡಿಗಳು ಕಳಚಿ ಪುಡಿಯಾಗಬಲ್ಲದು. ಪಾಲಿಈಥರ್ ಬಗೆಯದು ನೀರನ್ನು ಚೆನ್ನಾಗಿ ತಡೆಯುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯ ಮೂಲಕ ಓಡಾಡುವ ಕಾರಿಗೆ ಯಾವುದು ಬೇಕು ಎಂದು ಬಿಡಿಸಿ ಹೇಳಬೇಕಿಲ್ಲ. ಮಾರುವವರನ್ನು ಇದನ್ನೇ ಕೇಳಿ. ಉತ್ತರ ಬಾರದಿದ್ದರೆ ಕೊಳ್ಳಬೇಡಿ. ಬಣ್ಣ ನೋಡಿ ಗಡಸುತನ ಅಂದಾಜು ಮಾಡುವುದೂ ಬೇಡ, ಒಬ್ಬ ತಯಾರಕರ ಕಪ್ಪು ಇನ್ನೊಬ್ಬರ ಕಪ್ಪಿನಷ್ಟೇ ಗಟ್ಟಿ ಇರುವುದಿಲ್ಲ. ಶೋರ್ ಸಂಖ್ಯೆ ಕೇಳಿ.

ನಡುವೆ ಇನ್ನೊಂದು ಆಮಿಷವೂ ಬಂತು. ಪರಿಚಯದವರೊಬ್ಬರು, ಹಳೆಯ ಮೌಂಟಿನ ಖಾಲಿ ಜಾಗಗಳಿಗೆ ಗಾಜು ಅಂಟಿಸುವ ಪಿಯು ಸೀಲಂಟ್ ತುಂಬಿಸಿದರೆ ಎಂಟುನೂರು ರೂಪಾಯಿಯಲ್ಲಿ ಕೆಲಸ ಮುಗಿಯುತ್ತದೆ ಎಂದರು. ಲೋಹದಿಂದ ಬಿಟ್ಟುಕೊಂಡಿರುವ ರಬ್ಬರಿಗೆ ಅದು ಮದ್ದಲ್ಲ. ಅಲ್ಲದೆ ಆ ಖಾಲಿ ಜಾಗಗಳು ಹಣ ಉಳಿಸಲು ಬಿಟ್ಟವಲ್ಲ: ಎಂಜಿನ್ನು ಸುಮ್ಮನೆ ಓಡುತ್ತಿರುವಾಗ ಮೌಂಟ್ ಮೆತ್ತಗೆ ಆಡಲಿ, ಜೋರಾಗಿ ಎಳೆದಾಗ ಜಾಗ ಮುಚ್ಚಿಕೊಂಡು ಗಟ್ಟಿಯಾಗಲಿ ಎಂದು ಲೆಕ್ಕ ಹಾಕಿ ಬಿಟ್ಟವು.

ನವೆಂಬರ್ 3ರಂದು ಇಂಗ್ಲೆಂಡಿನಿಂದ ಶೋರ್ 80ರ ಪಿಯು ಗೇರ್‌ಬಾಕ್ಸ್ ಮೌಂಟನ್ನೂ, ಕೆಳಗಿನ ಡಾಗ್‌ಬೋನಿಗೆ ತುರುಕುವ ಪಿಯು ತುಂಡನ್ನೂ (ಇನ್ಸರ್ಟ್) ತರಿಸಲು ಹಣ ಕಟ್ಟಿದೆ. ಕೊರಿಯರ್ ಸೇರಿ 17,800 ರೂಪಾಯಿ. ಒಂಬತ್ತು ದಿನಗಳಲ್ಲಿ ಪಾರ್ಸೆಲ್ ಭಾರತ ತಲುಪಿ, ಮುಂದಿನ ಒಂಬತ್ತು ದಿನ ಕಸ್ಟಮ್ಸಿನಲ್ಲಿ ಕುಳಿತಿತ್ತು. ಕಾರಣ ನನ್ನದೇ: ಕೆವೈಸಿಗೆ ಆಧಾರ್ ಪ್ರತಿ ಕಳಿಸಿ ಎಂಬ ಮೇಲ್ ಬೇಡದ ಮೇಲುಗಳ ರಾಶಿಯಲ್ಲಿ ಬಿದ್ದಿತ್ತು, ನಾನು ನೋಡಿದ್ದು ಆರು ದಿನ ಬಿಟ್ಟು. ಜೊತೆಗೆ ಬಿಲ್ಲಿನಲ್ಲಿದ್ದ ಹೆಸರು ಆಧಾರಿನ ಹೆಸರಿಗೆ ಹೊಂದುತ್ತಿರಲಿಲ್ಲ. ಅಲ್ಲಿ ಇನಿಷಿಯಲ್ ಹಿಂದೆ, ಇಲ್ಲಿ ಮುಂದೆ. ಸುಂಕ ಮತ್ತು ಬಿಡುಗಡೆಯ ಖರ್ಚೆಂದು 7,350 ರೂಪಾಯಿ ಮತ್ತೆ ಹೋಯಿತು. ತರಿಸುವವರು ಆರ್ಡರ್ ಮಾಡುವಾಗಲೇ ಆಧಾರಿನಲ್ಲಿರುವಂತೆ ಅಕ್ಷರಕ್ಕೆ ಅಕ್ಷರ ಹೆಸರು ಬರೆಯಿರಿ, ಹಣ ಪಾವತಿಯ ರಸೀದಿಯನ್ನು ಕೈಯಲ್ಲೇ ಇಟ್ಟುಕೊಳ್ಳಿ. ಪಾರ್ಸೆಲ್ ಮನೆಗೆ ಬಂದದ್ದು ನವೆಂಬರ್ 27ಕ್ಕೆ. ಅಡಿಕೆ ಕೊನೆ ತೆಗೆಯುವ ಕಾಲ. ಅಷ್ಟೂ ದಿನ ನಾನು ತೋಟಕ್ಕೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ.

ಆ ಬಿಡುವಿನಲ್ಲಿ ಕಾನೂನನ್ನೂ ಓದಿಕೊಂಡೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಮೂಲದಲ್ಲಿ ನಿಗದಿಪಡಿಸಿದ್ದಕ್ಕೆ ವ್ಯತಿರಿಕ್ತವಾಗಿ, ನೋಂದಣಿ ಪತ್ರದ ವಿವರಗಳು ಬದಲಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್, ಕಾಯ್ದೆ ಒಪ್ಪದ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಎನ್ನುತ್ತದೆ. ಮೌಂಟಿನ ವಿವರ ಆರ್‌ಸಿಯಲ್ಲಿ ಎಲ್ಲಿಯೂ ಇರುವುದಿಲ್ಲ. ಆದರೂ ಹಳೆಯ ಮೌಂಟ್ ಮತ್ತು ಎಲ್ಲ ಬಿಲ್ಲುಗಳನ್ನು ಜೋಪಾನವಾಗಿಟ್ಟೆ. ಕಾರಿನ ವಾರಂಟಿ ಮುಗಿದಿತ್ತು. ಮುಗಿಯದವರು ಬೇರೆ ಬಗೆಯ ಮೌಂಟ್ ಹಾಕಿಸುವ ಮೊದಲು ಎರಡು ಸಲ ಯೋಚಿಸಬೇಕು.

ನವೆಂಬರ್ 30ರಂದು ಕಾರು ಬಿಚ್ಚಿದೆವು, ಅರ್ಧಕ್ಕೇ ನಿಲ್ಲಿಸಿದೆವು. ಮೌಂಟನ್ನು ಹಿಡಿದಿರುವ ಬೋಲ್ಟುಗಳು ಮೊದಲು ಟಾರ್ಕ್ ರೆಂಚಿನಿಂದ ಬಿಗಿದು, ಆಮೇಲೆ ಇಂತಿಷ್ಟು ಕೋನ ತಿರುಗಿಸುವ ಜಾತಿಯವು. ಬಿಗಿದಾಗ ಅವು ಹಿಗ್ಗುತ್ತವೆ, ಹಾಗಾಗಿ ಒಮ್ಮೆ ತೆಗೆದವನ್ನು ಮತ್ತೆ ಹಾಕುವಂತಿಲ್ಲ. ನನ್ನ ಪಾರ್ಸೆಲಿನಲ್ಲಿ ಬೋಲ್ಟ್ ಇರಲಿಲ್ಲ. ಬೆಂಗಳೂರಿನಿಂದ ಬಸ್ ಪಾರ್ಸೆಲಿನಲ್ಲಿ 1,460 ರೂಪಾಯಿಯ ಬೋಲ್ಟುಗಳು ಬರುವವರೆಗೆ ಕಾರು ಮರದ ತುಂಡಿನ ಮೇಲೆ ಕುಳಿತಿತ್ತು. ಡಿಸೆಂಬರ್ 4ರ ಸಂಜೆ ಕೆಲಸ ಮುಗಿಯಿತು, ಮಜೂರಿ 2,500. ಪೂರ್ತಿ ಬಿಗಿಯುವ ಮೊದಲು ಎಲ್ಲ ಬೋಲ್ಟುಗಳನ್ನು ಕೈಬಿಗಿಯಲ್ಲಿ ಬಿಟ್ಟು, ಜಾಕ್ ಇಳಿಸಿ, ಎಂಜಿನ್ನನ್ನು ಕೈಯಿಂದ ಅಲುಗಿಸಿ ಅದರ ಪಾಡಿಗೆ ಕೂರಲು ಬಿಡಬೇಕು. ಎಳೆದುಕೊಂಡಂತೆ ಬಿಗಿದರೆ ಹೊಸ ಮೌಂಟೂ ಬೇಗ ಹರಿಯುತ್ತದೆ.

ಮೊದಲ ಸವಾರಿಯ ಖುಷಿಯನ್ನು ನಾನು ಅಲ್ಲಗಳೆಯಲಾರೆ. ‘ಟಕ್’ ಮಾಯವಾಗಿತ್ತು. ಎರಡನೇ ಗೇರು ಬೆಣ್ಣೆಗೆ ಚಾಕು ಇಳಿದಂತೆ ಬಿತ್ತು. ಗಾಜನೂರಿನವರೆಗೆ ಹೋಗಿ ಬಂದೆ, ನಗು ನಿಲ್ಲಲಿಲ್ಲ. ಆದರೆ ಊರೊಳಗೆ ಸಿಗ್ನಲಿನಲ್ಲಿ ನಿಂತಾಗ ಒಳಗಿನ ಕನ್ನಡಿಯಲ್ಲಿ ಹಿಂದಿನ ಬಸ್ಸಿನ ಬೋರ್ಡ್ ಓದಲು ಆಗದಷ್ಟು ಮಸುಕಾಯಿತು. ಎಸಿ ಹಾಕಿದರೆ ಸ್ಟೀರಿಂಗ್ ಜುಮುಗುಡುತ್ತಿತ್ತು. ಡ್ಯಾಶ್‌ಬೋರ್ಡಿನ ಮೇಲೆ ಹೆಂಡತಿ ಇಟ್ಟಿದ್ದ ಹೆಬ್ಬೆರಳಿನಷ್ಟು ದೊಡ್ಡ ಹಿತ್ತಾಳೆಯ ಗಣಪ, ಇಷ್ಟು ವರ್ಷ ಕದಲದೆ ಕೂತಿದ್ದವನು, ತೀರ್ಥಹಳ್ಳಿ ತಲುಪುವಷ್ಟರಲ್ಲಿ ಸ್ವಲ್ಪ ಸ್ವಲ್ಪವೇ ತಿರುಗಿ ನಮಗೆ ಬೆನ್ನು ಹಾಕಿದ್ದ. ತೋಟದ ಮನೆಯಿಂದ ಪೇಟೆಗೆ ಹೊರಟ ಅಮ್ಮ ಬಾಗಿಲಿನ ಹಿಡಿಕೆ ಹಿಡಿದುಕೊಂಡೇ ಕೇಳಿದಳು: “ಎಂಥದೋ ಮಾರಾಯ ಇದು, ಟಿಲ್ಲರ್ ಮೇಲೆ ಕೂತಂಗೆ ಆಗ್ತದಲ್ಲೋ?”

ಕಾರಣವನ್ನು ಆಮೇಲೆ ಕೂತು ಲೆಕ್ಕ ಹಾಕಿದೆ. ಮೂರು ಸಿಲಿಂಡರಿನ ಎಂಜಿನ್ನು ಒಂದು ಸುತ್ತಿನಲ್ಲಿ ಒಂದೂವರೆ ಸಲ ಉರಿಯುತ್ತದೆ. ನಿಂತಲ್ಲಿ ನಿಮಿಷಕ್ಕೆ 850 ಸುತ್ತು ಎಂದರೆ ಸೆಕೆಂಡಿಗೆ ಸುಮಾರು 21 ಬಡಿತ. ಅದರ ಮೇಲೆ, ಮೂರರ ಎಂಜಿನ್ನಿಗೆ ತುದಿಯಿಂದ ತುದಿಗೆ ತೂಗುವ ಸ್ವಭಾವ ಬೇರೆ ಇದೆ. ಅದು ಸುತ್ತಿಗೊಮ್ಮೆ, ಎಂದರೆ ಸೆಕೆಂಡಿಗೆ 14 ಸಲ. ಮೌಂಟ್ ಒಂದು ಸ್ಪ್ರಿಂಗ್ ಇದ್ದಂತೆ, ಅದರ ಮೇಲೆ ಕೂತ ಎಂಜಿನ್ನಿಗೆ ತನ್ನದೇ ಆದ ಒಂದು ತೂಗಾಟದ ವೇಗವಿರುತ್ತದೆ. ನಡುಕ ಆ ವೇಗದ 1.4 ಪಟ್ಟನ್ನು ಮೀರಿದ ಮೇಲಷ್ಟೇ ಮೌಂಟ್ ಅದನ್ನು ತಡೆಯತೊಡಗುತ್ತದೆ. ಅದಕ್ಕಿಂತ ಕೆಳಗೆ ತಡೆಯುವುದಿರಲಿ, ಹೆಚ್ಚಿಸಿಯೇ ಕಳಿಸುತ್ತದೆ. ಮೆತ್ತನೆಯ ರಬ್ಬರಿನಲ್ಲಿ ಎಂಜಿನ್ನಿನ ಸ್ವಂತ ತೂಗಾಟ ನಿಧಾನ, ಹಾಗಾಗಿ ನಿಂತಲ್ಲಿನ ಬಡಿತಗಳು ಆ ಗೆರೆಯ ಮೇಲೆ ಉಳಿಯುತ್ತವೆ. ಗಟ್ಟಿ ಪಿಯು ಹಾಕಿ ನಾನು ಆ ಗೆರೆಯನ್ನೇ ಎತ್ತಿ ಬಡಿತದ ಹತ್ತಿರಕ್ಕೆ ತಂದಿದ್ದೆ. ನಾಲ್ಕು ಸಿಲಿಂಡರಿನವರು ಇದನ್ನು ಸಹಿಸಬಹುದು, ಅವರ ಬಡಿತ ಪ್ರತಿ ಸುತ್ತಿನಲ್ಲಿ ಎರಡು. ನಾಲ್ಕರ ಕಾರಿನವರ ಹೊಗಳಿಕೆ ಕೇಳಿ ಮೂರರ ಕಾರಿಗೆ ಹಾಕಿಸಿದ್ದು ನಾನು ಮಾಡಿದ ದೊಡ್ಡ ತಪ್ಪು.

ಮೊದಲ ಐನೂರರಿಂದ ಸಾವಿರ ಕಿ.ಮೀ.ಯಲ್ಲಿ ಪಿಯು ಪಳಗುತ್ತದೆ ಎಂದು ಹೇಳಿದ್ದರಿಂದ ಕಾದೆ. ನಡುಕ ತುಸು ತಗ್ಗಿದ್ದು ನಿಜ. ಆದರೆ ಡಿಸೆಂಬರ್ ಕೊನೆಯಲ್ಲಿ ಉಡುಪಿಗೆ ಹೋಗಿ ಆಗುಂಬೆ ಘಾಟಿಯ ಹದಿನಾಲ್ಕು ಹೇರ್‌ಪಿನ್ ತಿರುವುಗಳನ್ನು ಹತ್ತಿ ಬರುವಾಗ, ಪ್ರತಿ ತಿರುವಿನಿಂದ ಎರಡನೇ ಗೇರಿನಲ್ಲಿ 1,500ರಿಂದ 1,800 ಸುತ್ತಿನಲ್ಲಿ ಮೇಲೇಳುವಾಗಲೆಲ್ಲ ಖಾಲಿ ಡ್ರಮ್ಮಿನೊಳಗೆ ಕೂತಂತೆ ‘ಗುಂಯ್’ ಎನ್ನುತ್ತಿತ್ತು. ಹಿಂದೆ ಕೂತ ಮಗಳು ಏಳನೇ ತಿರುವಿನಲ್ಲಿ ವಾಂತಿ ಮಾಡಿಕೊಂಡಳು; ಅದಕ್ಕೆ ತಿರುವುಗಳೇ ಸಾಕು, ಆದರೂ ಮನೆಯಲ್ಲಿ ಆರೋಪ ಬಂದದ್ದು ಮೌಂಟಿನ ಮೇಲೆ. ಜನವರಿ ಮೊದಲ ವಾರದಲ್ಲಿ ಸೈಲೆನ್ಸರಿನ ಶಾಖ ತಡೆಯುವ ತಗಡಿನ ಬೋಲ್ಟೊಂದು ಸಡಿಲಗೊಂಡು ಕಿರಿಗುಟ್ಟತೊಡಗಿತು. ಅದನ್ನು ಬಿಗಿಸಲು 300.

ಮೆಕ್ಯಾನಿಕ್ “ನಾನು ಹೇಳಿದ್ದೆ” ಎನ್ನಲಿಲ್ಲ. ಪಿಯು ಮೌಂಟ್, ಇನ್ಸರ್ಟ್ ಎರಡನ್ನೂ ಒಟ್ಟಿಗೆ ತೆಗೆಯುವ ಮೊದಲು ಒಂದೊಂದಾಗಿ ನೋಡೋಣ ಎಂದರು. ನಾಲ್ಕು ತಿಂಗಳಲ್ಲಿ ಕೇಳಿದ ಅತ್ಯಂತ ಬೆಲೆಬಾಳುವ ಮಾತು ಅದು. ಭಾರ ಹೊರುವ ಗೇರ್‌ಬಾಕ್ಸ್ ಮೌಂಟಿನ ಮೂಲಕ ನಡುಕ ಹಗಲಿರುಳೂ ಕಾರಿನ ಮೈಗೆ ಇಳಿಯುತ್ತಿರುತ್ತದೆ. ಕೆಳಗಿನ ಡಾಗ್‌ಬೋನ್ ಜೋರಾಗಿ ದುಡಿಯುವುದು ಎಳೆದಾಗ, ಬಿಟ್ಟಾಗ. ಆದ್ದರಿಂದ ಮೇಲಿನದಕ್ಕೆ ರಬ್ಬರು, ಕೆಳಗಿನದಕ್ಕೆ ಪಿಯು ಇನ್ಸರ್ಟ್ ಎಂದು ತೀರ್ಮಾನಿಸಿದೆವು. ಈ ಸಲ ರಬ್ಬರ್ ಮೌಂಟಿಗೆ ಸ್ಟಾಕ್ ಇಲ್ಲವೆಂದು ಹನ್ನೊಂದು ದಿನ ಕಾಯಬೇಕಾಯಿತು. ಮೌಂಟಿಗೆ 5,200, ಬಸ್ ಪಾರ್ಸೆಲಿಗೆ 150, ಮತ್ತೆ ಹೊಸ ಬೋಲ್ಟುಗಳಿಗೆ 1,460, ಮಜೂರಿ 2,000. ಇನ್ಸರ್ಟನ್ನು ಹೊರತೆಗೆದು, ಒರೆಸಿ, ಸಿಲಿಕೋನ್ ಗ್ರೀಸ್ ಹಚ್ಚಿ ಮತ್ತೆ ಕೂರಿಸಿದರು. ಅಲ್ಲಿ ಮಾಮೂಲಿ ಗ್ರೀಸ್ ಬಳಸಬೇಡಿ, ಸುತ್ತಲಿನ ರಬ್ಬರನ್ನು ಅದು ತಿನ್ನುತ್ತದೆ. ಒಣಗಿಯೂ ಬಿಡಬೇಡಿ, ಪಿಯು ಕೀಚಲು ದನಿ ತೆಗೆಯುತ್ತದೆ.

ಒಟ್ಟು 39,420 ರೂಪಾಯಿ. ಮೊದಲ ದಿನವೇ ಆಟೋ ಕಾಂಪ್ಲೆಕ್ಸಿಗೆ ಹೋಗಿ ರಬ್ಬರ್ ಮೌಂಟ್ ಮಾತ್ರ ಹಾಕಿಸಿದ್ದರೆ 9,310ಕ್ಕೆ ಮುಗಿಯುತ್ತಿತ್ತು. ಕೆಳಗಿನ ಇನ್ಸರ್ಟಿನಿಂದ ಆದ ಲಾಭ ದಿಟವಾದದ್ದೇ: ಗೇರು ಈಗಲೂ ಚುರುಕಾಗಿ ಬೀಳುತ್ತದೆ, ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ ಮೊದಲಿನಂತೆ ಮಾಲುವುದಿಲ್ಲ. ನಿಂತಲ್ಲಿ ಎಸಿ ಹಾಕಿದಾಗ ಸೀಟಿನಡಿ ಸಣ್ಣದೊಂದು ಜುಂ ಉಳಿದಿದೆ, ಅದು ನನಗೆ ಒಪ್ಪಿಗೆ. ಕನ್ನಡಿಯಲ್ಲಿ ಬಸ್ಸಿನ ಬೋರ್ಡ್ ಓದಬಹುದು.

ತೆಗೆದ ಪಿಯು ಮೌಂಟನ್ನು ಸಾಗರದ ಹುಡುಗನೊಬ್ಬ ಕೇಳಿಕೊಂಡು ಬಂದಿದ್ದ. ಅವನದೂ ಇದೇ ಕಾರು, ಆದರೆ ಮೈದಾನಕ್ಕೆಂದೇ ಇಟ್ಟದ್ದು. ಹಿಂದಿನ ಸೀಟು, ಎಸಿ, ಚಾಪೆ ಎಲ್ಲವನ್ನೂ ಕಿತ್ತಿದ್ದಾನೆ. ಅವನಿಗೆ ಅದೇ ಸರಿ. ಅರ್ಧ ಬೆಲೆಗೆ ಕೊಟ್ಟೆ, ಹಳೆಯ ಬೋಲ್ಟುಗಳನ್ನು ಮಾತ್ರ ಕೇಳಿದರೂ ಕೊಡಲಿಲ್ಲ. ಹೊಸ ರಬ್ಬರ್ ಹಾಕಿದ ಮೇಲೆ ನನ್ನ ಕಾರು 640 ಕಿ.ಮೀ. ಓಡಿದೆ, ಸಾವಿರಕ್ಕೆ ಮತ್ತೊಮ್ಮೆ ಬ್ಯಾಟರಿ ತೆಗೆಸಿ, ರಬ್ಬರು ಲೋಹಕ್ಕೆ ಅಂಟಿರುವ ಅಂಚನ್ನು ಟಾರ್ಚ್ ಬಿಟ್ಟು ನೋಡಲು ಹೇಳಿದ್ದಾರೆ.